ಮೇಜರ್ ಬಾಯಿಯ ಕಡ್ಡಾಯ ಸೇವೆ

ನಮ್ಮ ದೇಶದಲ್ಲಿ ಯುವಕರಿಗೆ ಕಡ್ಡಾಯ ರಾಷ್ಟ್ರಸೇವೆ ಎಂಬುದು ಎಂದೂ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಸುತರಾಂ ಒಪ್ಪುವುದಿಲ್ಲ. ಇತ್ತು. ನಾನೇ ಮಾಡಿದ್ದೇನೆ. ಇಡೀ ದೇಶದಲ್ಲಿತ್ತೇ ಎಂದು ಕೇಳಬೇಡಿ. ಆನೇಮಹಲಿನಿಂದ ಬಾಳ್ಳುಪೇಟೆಯವರೆಗೆ, ಹೆದ್ದಾರಿಯ ಎಡಬಲಕ್ಕೆ ಎರಡೆರಡು ಮೈಲಿ, ಸುಮಾರು ಹದಿನೈದು ವರ್ಷ ಅದು ಜಾರಿಯಲ್ಲಿತ್ತು. ಅದಕ್ಕಾಗಿ ಪಾರ್ಲಿಮೆಂಟಿನಲ್ಲಿ ಮಸೂದೆ ಮಂಡನೆಯಾಗಲಿಲ್ಲ, ರಾಷ್ಟ್ರಪತಿಗಳ ಅಂಕಿತ ಬೀಳಲಿಲ್ಲ. ಜಾರಿಗೆ ತಂದದ್ದು ಒಬ್ಬ ಹೆಂಗಸು. ಅದೂ ಐದಡಿಗೆ ಒಂದಂಗುಲ ಕಡಿಮೆಯಿದ್ದ ಹೆಂಗಸು!

ಊರಲ್ಲಿ ಅವರಿಗೆ ಮೇಜರ್ ಬಾಯಿ ಎಂದು ಹೆಸರು. ನಮ್ಮ ಕಡೆ ಕ್ರೈಸ್ತರ ಮನೆಯ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುವುದು ವಾಡಿಕೆ. ಅವರ ಅಪ್ಪ ಎಸ್ಟೇಟ್ ಕೆಲಸಕ್ಕೆಂದು ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದವರು. ಮಗಳು ಮಿಲಿಟರಿ ಆಸ್ಪತ್ರೆಗಳಲ್ಲಿ ನರ್ಸಾಗಿ, ದೇಶದ ಗಡಿಗಳನ್ನೆಲ್ಲ ಸುತ್ತಿ, ಮದುವೆಯ ಗೊಡವೆಗೆ ಹೋಗದೆ, ಮೇಜರ್ ಆಗಿ ನಿವೃತ್ತರಾಗಿ, ಅಪ್ಪ ಬಿಟ್ಟುಹೋದ ಹಂಚಿನ ಮನೆಗೆ ಒಬ್ಬರೇ ವಾಪಸಾಗಿದ್ದರು. ಇನ್ನು ಅವರ ಮುಖದಲ್ಲಿದ್ದ ಬಾಯಿಯೂ ಮೇಜರ್ ದರ್ಜೆಯದೇ ಆಗಿದ್ದರಿಂದ ಆ ಹೆಸರು ಎರಡೂ ಕಡೆಯಿಂದ ಒಪ್ಪುತ್ತಿತ್ತು. ಅವರು ಅಂಗಳದಲ್ಲಿ ನಿಂತು "ನಿಲ್ಲು" ಎಂದು ಯಾರನ್ನೋ ಕೂಗಿದರೆ ಹೆದ್ದಾರಿಯಲ್ಲಿ ಲಾರಿಯವನು ಬ್ರೇಕ್ ಹಾಕುತ್ತಿದ್ದ ಎಂದು ಜನ ಹೇಳುತ್ತಿದ್ದರು. ಉತ್ಪ್ರೇಕ್ಷೆ ಇರಬಹುದು. ಆದರೆ ಹಾಗೆ ನಿಂತ ಲಾರಿಯೊಂದನ್ನು ನಾನೇ ಕಂಡಿದ್ದೇನೆ.

ಬಾಯಿಯ ಸಿದ್ಧಾಂತ ಸರಳವಾಗಿತ್ತು. ಹದಿನೆಂಟು ತುಂಬಿದ ಮೇಲೆ ಗಂಡಾಗಲಿ ಹೆಣ್ಣಾಗಲಿ, ದೇಶಕ್ಕೆ ಎರಡು ವರ್ಷ ಕೊಡಬೇಕು. ಬಂದೂಕು ಹಿಡಿಯಲು ಬರದಿದ್ದರೆ ಚಿಂತೆಯಿಲ್ಲ, ಬೆಡ್‌ಪ್ಯಾನ್ ಹಿಡಿಯಲು ಬಂದರೆ ಸಾಕು. ಸರ್ಕಾರ ಕಾನೂನು ಮಾಡುವವರೆಗೆ ಕಾಯುವ ವ್ಯವಧಾನ ಅವರಿಗಿರಲಿಲ್ಲ. ಹಾಗಾಗಿ ಎರಡು ವರ್ಷವನ್ನು ತಾವೇ ಎರಡು ತಿಂಗಳಿಗೆ ಇಳಿಸಿ, ಪಿಯುಸಿ ಪರೀಕ್ಷೆ ಮುಗಿಸಿದವರನ್ನು ಬೇಸಿಗೆ ರಜೆಯಲ್ಲಿ ಹಿಡಿಯುತ್ತಿದ್ದರು. ಹಿಡಿಯುತ್ತಿದ್ದರು ಎಂಬ ಮಾತನ್ನು ನಾನು ಯೋಚಿಸಿಯೇ ಬಳಸಿದ್ದೇನೆ.

ನನ್ನನ್ನು ಹಿಡಿದದ್ದು ನಮ್ಮ ಮನೆಯ ಜಗಲಿಯಲ್ಲಿ. ನಮ್ಮಪ್ಪ ಪಕ್ಕದ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವ ಗುಮಾಸ್ತ. ಅಪ್ಪ ಊರವರ ಹಾಜರಿ ಹಿಡಿಯುತ್ತಿದ್ದರೆ ನಾನು ಮನೆಯಲ್ಲಿ ಅಂಗಾತ ಮಲಗಿ ಹಲಸಿನ ಹಪ್ಪಳ ತಿನ್ನುತ್ತಿದ್ದೆ. ಹತ್ತಿ ಸೀರೆ, ಬಿಳಿ ಕ್ಯಾನ್ವಾಸ್ ಶೂ, ತಲೆಗೊಂದು ಗಂಡಸರ ಟೋಪಿ ಹಾಕಿಕೊಂಡು ಬಂದ ಬಾಯಿ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಉಗುರು ನೋಡಿದರು, ಹಲ್ಲು ನೋಡಿದರು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಸಂತೆಯಲ್ಲಿ ಹೋರಿಯನ್ನು ಕೂಡ ಇಷ್ಟು ನೋಡುವುದಿಲ್ಲ. ಆಮೇಲೆ ಅಮ್ಮನ ಕಡೆ ತಿರುಗಿ, "ರಕ್ತ ಕಮ್ಮಿ, ಸೋಮಾರಿತನ ಜಾಸ್ತಿ. ನಾಳೆ ಆರು ಗಂಟೆಗೆ ಕಳಿಸಿ" ಎಂದರು.

ಹೆತ್ತ ತಾಯಿ ಮಗನನ್ನು ಬಿಟ್ಟುಕೊಟ್ಟಾಳೆಯೇ? ನಾನು ಆಸೆಯಿಂದ ಅಮ್ಮನ ಮುಖ ನೋಡಿದೆ.

"ಐದೂವರೆಗೇ ಕಳಿಸ್ತೀನಿ ಬಾಯಿ" ಎಂದುಬಿಟ್ಟಳು ಅಮ್ಮ.

ಆ ವರ್ಷ ನಾವು ಮೂವರು ಸಿಕ್ಕಿಬಿದ್ದಿದ್ದೆವು. ನಾನು, ನಮ್ಮಪ್ಪ ಕೆಲಸ ಮಾಡುತ್ತಿದ್ದ ಎಸ್ಟೇಟಿನ ಯಜಮಾನರ ಮಗ ಸುಮಂತ, ಅದೇ ಎಸ್ಟೇಟಿನ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿದ್ದ, ಕೂಲಿಯವರ ಮಗಳು ಪುಷ್ಪ. ಸುಮಂತನಿಗೆ ಅಲ್ಲಿಯವರೆಗೆ ಶೂ ಲೇಸನ್ನೂ ಬೇರೆಯವರು ಕಟ್ಟುತ್ತಿದ್ದರು ಎಂಬ ಸುದ್ದಿಯಿತ್ತು. ಬಾಯಿಯ ವರಾಂಡದಲ್ಲಿ ಕಬ್ಬಿಣದ ಮಂಚವೊಂದನ್ನು ಹಾಕಿ, ಅದರ ಮೇಲೆ ಐವತ್ತು ಕಿಲೋದ ಕಾಫಿ ಮೂಟೆಯನ್ನು ಮಲಗಿಸಿದ್ದರು. ಅದು ನಮ್ಮ ರೋಗಿ. ಹಾಸಿಗೆ ಹಿಡಿದವರಿಗೆ ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಹೇಗೆ, ಮಲಗಿದವರನ್ನು ಎಬ್ಬಿಸದೆ ಹಾಸಿಗೆ ಬಟ್ಟೆ ಬದಲಿಸುವುದು ಹೇಗೆ ಎಂಬುದನ್ನೆಲ್ಲ ನಾವು ಆ ಮೂಟೆಯ ಮೇಲೆ ಕಲಿತೆವು. ಒರಟಾಗಿ ಎಳೆದರೆ ಮೂಟೆಗೆ ನೋವಾಗುತ್ತದೆ ಎಂದು ಬಾಯಿ ಗದರುತ್ತಿದ್ದರು. ನಾಲ್ಕನೆಯ ದಿನ ನನಗೇ ಅರಿವಿಲ್ಲದಂತೆ, "ಅಜ್ಜಾ, ಒಂಚೂರು ಈ ಕಡೆ ತಿರುಗಿ" ಎಂದು ಮೂಟೆಗೆ ಹೇಳಿಬಿಟ್ಟೆ. ಸುಮಂತ ಬಿದ್ದು ಬಿದ್ದು ನಕ್ಕ. ಬಾಯಿ ನಗಲಿಲ್ಲ. ನಾನೊಬ್ಬನೇ ಪಾಸಾದೆ ಎಂದು ಘೋಷಿಸಿದರು.

ನಿಜ ಹೇಳಬೇಕೆಂದರೆ ಪಾಸಾಗಬೇಕಿದ್ದವಳು ಪುಷ್ಪ. ಅವಳು ಮೊದಲ ದಿನವೇ ಮೂಟೆಯ ಕೆಳಗೆ ಮೊಣಕೈ ಕೊಟ್ಟು, ಅದನ್ನು ಹೂವಿನ ಹಾಗೆ ಹೊರಳಿಸಿ, ಗೋಡೆಗೊರಗಿ ನಿಂತಿದ್ದಳು. ಯಾರು ಕಲಿಸಿದರು ಎಂದು ಬಾಯಿ ಕೇಳಿದ್ದಕ್ಕೆ ಉತ್ತರ ಕೊಟ್ಟಿರಲಿಲ್ಲ. ಐದನೆಯ ದಿನ ಅವಳು ಬರಲೇ ಇಲ್ಲ.

ಸೇವೆಯಿಂದ ತಪ್ಪಿಸಿಕೊಳ್ಳುವುದೆಂದರೇನು! ಬಾಯಿ ಟೋಪಿ ಹಾಕಿಕೊಂಡು, ನಮ್ಮಿಬ್ಬರನ್ನೂ ಹಿಂದಿಟ್ಟುಕೊಂಡು ಲೈನಿನತ್ತ ಹೊರಟರು. ಕಾಫಿ ಹೂ ಉದುರಿ, ಗಿಡಗಳಲ್ಲಿ ಕಾಯಿ ಕಚ್ಚುತ್ತಿದ್ದ ಕಾಲ. ದಾರಿಯುದ್ದಕ್ಕೂ ಅವರು ಮಿಲಿಟರಿಯಲ್ಲಿ ಇಂಥವರಿಗೆ ಏನು ಶಿಕ್ಷೆ ಎಂಬುದನ್ನು ವಿವರಿಸುತ್ತಿದ್ದರು. ನಾವು ಒಳಗೊಳಗೇ ಖುಷಿಯಾಗಿದ್ದೆವು. ಬೇರೆಯವರಿಗೆ ಬೈಗುಳ ಬೀಳುವುದನ್ನು ನೋಡುವ ಸುಖವೇ ಬೇರೆ.

ಪುಷ್ಪಳ ಮನೆ ಒಂದು ಕೋಣೆ, ಒಂದು ಒಲೆ. ಕೋಣೆಯಲ್ಲಿ ಅವಳಪ್ಪ ಮಲ್ಲಯ್ಯ ಚಾಪೆಯ ಮೇಲೆ ಮಲಗಿದ್ದ. ಮೂರು ವರ್ಷದ ಹಿಂದೆ, ಸುಮಂತನ ಅಪ್ಪನ ತೋಟದಲ್ಲೇ, ನೆರಳು ಮರದ ಕೊಂಬೆ ಕಡಿಯುವಾಗ ಜಾರಿಬಿದ್ದು ಸೊಂಟ ಮುರಿದುಕೊಂಡವನು. ಹೆಂಡತಿ ಕೂಲಿಗೆ ಹೋಗುತ್ತಿದ್ದಳು. ನಾವು ಹೋದಾಗ ಪುಷ್ಪ ಅಪ್ಪನನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ಒರೆಸುತ್ತಿದ್ದಳು. ಬೆನ್ನಿನಲ್ಲಿ ಒಂದು ಹುಣ್ಣೂ ಇರಲಿಲ್ಲ. ಬಾಯಿ ಬಾಗಿಲಲ್ಲೇ ನಿಂತರು.

ಪುಷ್ಪ ಬಟ್ಟೆ ಹಿಂಡಿ, ಅಪ್ಪನಿಗೆ ಹೊದಿಸಿ, ಎದ್ದು ಬಂದಳು. ದನಿ ಏರಿಸಲಿಲ್ಲ.

"ಬಾಯಿ, ನೀವು ಹೇಳ್ಕೊಡೋದೆಲ್ಲ ನಾನು ಒಂಬತ್ತನೇ ಕ್ಲಾಸಿಂದ ಮಾಡ್ತಾ ಇವ್ನಿ. ದೇಶಕ್ಕೆ ನಂದು ಇನ್ನೂ ಎಷ್ಟು ವರ್ಷ ಬಾಕಿ ಐತೆ?"

ಬಾಯಿ ಟೋಪಿ ತೆಗೆದರು. ಆಮೇಲೆ, ಪುಷ್ಪಳ ಸೇವೆ ಪೂರ್ತಿಯಾಗಿದೆ, ಇವತ್ತಿನಿಂದ ಅವಳಿಗೆ ಎರಡು ತಿಂಗಳು ಪೂರಾ ರಜೆ ಎಂದು ಹೇಳಿದರು. ರಜೆ ಕೊಟ್ಟರೆ ಮನೆ ಕೆಲಸ ಮಾಡುವವರು ಯಾರು ಎಂದು ಪುಷ್ಪ ಕೇಳಿದಳು. ಬಾಯಿ ನಿಧಾನವಾಗಿ ನಮ್ಮಿಬ್ಬರ ಕಡೆ ತಿರುಗಿದರು. ನಮ್ಮ ಖುಷಿ ಅಲ್ಲಿಗೆ ಮುಗಿಯಿತು.

ಮರುದಿನದಿಂದ ಪುಷ್ಪ ಬಾಯಿಯ ಮನೆಯಲ್ಲಿ, ನಾವು ಪುಷ್ಪಳ ಮನೆಯಲ್ಲಿ. ಅವಳು ಮೊದಲ ಮೂರು ದಿನ ಏನು ಮಾಡಿದಳು ಗೊತ್ತೇ? ನಿದ್ದೆ. ಬೆಳಿಗ್ಗೆ ವರದಿ ಒಪ್ಪಿಸಲು ಹೋದ ನಮಗೆ ಬಾಯಿ ತುಟಿಯ ಮೇಲೆ ಬೆರಳಿಟ್ಟು, ರಜೆಯ ಮೇಲಿರುವ ಸೋಲ್ಜರ್ ಮಲಗಿದ್ದಾಳೆ, ಚಪ್ಪಲಿ ಬಿಟ್ಟು ನಡೆಯಿರಿ ಎಂದು ಪಿಸುಗುಟ್ಟುತ್ತಿದ್ದರು. ಆ ಗಂಟಲಿನಿಂದ ಪಿಸುಮಾತೂ ಹೊರಡುತ್ತದೆ ಎಂದು ಊರಿಗೆ ತಿಳಿದದ್ದೇ ಆಗ. ನಾಲ್ಕನೆಯ ದಿನದಿಂದ ಪುಷ್ಪ ಬಾಯಿಯ ಹಳೆಯ ಸೈಕಲ್ ಕಲಿಯತೊಡಗಿದಳು. ನಾವು ತಲೆಯ ಮೇಲೆ ನೀರಿನ ಬಿಂದಿಗೆ ಹೊತ್ತು ಏರಿ ಬರುವಾಗ ಅವಳು ಎದುರಿನಿಂದ ಗಂಟೆ ಬಾರಿಸುತ್ತಾ ಇಳಿದು ಹೋಗುತ್ತಿದ್ದಳು.

ಇತ್ತ ಮಲ್ಲಯ್ಯನ ಪಾಡು ಕೇಳಬೇಡಿ. ಯಜಮಾನರ ಮಗ ಕಾಲು ತೊಳೆಯಲು ಕೂತರೆ ಆತ ಕಂಬಳಿಯೊಳಗೆ ಕಾಲೆಳೆದುಕೊಂಡು ಬಿಡುತ್ತಿದ್ದ. "ಬ್ಯಾಡಿ ಬುದ್ದೀ, ನಂಗೆ ಪಾಪ ಬತ್ತದೆ" ಎಂದು ಅಳುವ ಹಾಗಾಗುತ್ತಿದ್ದ. ಸುಮಂತ ಏನು ಮಾಡಬೇಕೆಂದು ತಿಳಿಯದೆ ತಂಬಿಗೆ ಹಿಡಿದು ಕೂತಿರುತ್ತಿದ್ದ. ಎರಡು ದಿನ ನೋಡಿ ಬಾಯಿ ಮಲ್ಲಯ್ಯನ ಪಕ್ಕ ನೆಲದ ಮೇಲೆ ಕೂತು, ಆ ಕಾಲು ಇವನ ತೋಟದಲ್ಲೇ ಮೂವತ್ತು ವರ್ಷ ನಡೆದಿದೆ, ಒಂದು ಸಲ ಇವನೂ ಅದನ್ನು ನೋಡಲಿ ಬಿಡು ಎಂದರು. ಮಲ್ಲಯ್ಯ ಕಣ್ಣು ಮುಚ್ಚಿಕೊಂಡು ಕಾಲು ಚಾಚಿದ. ಸುಮಂತ ತಲೆ ತಗ್ಗಿಸಿ ತೊಳೆದ.

ಆದರೆ ಮಲ್ಲಯ್ಯನ ಆ ಸಂಕೋಚವೆಲ್ಲ ಊಟದ ಹೊತ್ತಿಗೆ ಹಾರಿಹೋಗುತ್ತಿತ್ತು. ಸುಮಂತ ತೊಳಸಿದ ರಾಗಿಮುದ್ದೆಯ ಒಳಗೆ ಹಿಟ್ಟು, ಹೊರಗೆ ಕಲ್ಲು. ಒಂದು ದಿನ ಮಲ್ಲಯ್ಯ ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಬುದ್ದೀ, ಇದನ್ನ ನುಂಗಾದಾ, ಇಲ್ಲ ಮಂಗ ಓಡ್ಸಾಕೆ ಇಟ್ಕೊಳಾದಾ?" ಎಂದು ಕೇಳಿದ. ಮೂವರೂ ನಕ್ಕೆವು. ಅವತ್ತಿನಿಂದ ಕಾಲು ತೊಳೆಯುವ ಕೆಲಸ ಸಲೀಸಾಯಿತು.

ಸುದ್ದಿ ಬಂಗಲೆಗೆ ಮುಟ್ಟಿತು. ತಮ್ಮ ಮಗ ತಮ್ಮದೇ ಲೈನಿನಲ್ಲಿ ಮುದ್ದೆ ತೊಳಸುತ್ತಿದ್ದಾನೆಂದು ಕೇಳಿ ಯಜಮಾನರು ಜೀಪಿನಲ್ಲಿ ಧೂಳೆಬ್ಬಿಸಿಕೊಂಡು ಬಾಯಿಯ ಮನೆಗೆ ಬಂದರು. ಮುಖ ಕಳಿತ ಕಾಫಿ ಹಣ್ಣಿನಂತೆ ಕೆಂಪಾಗಿತ್ತು. ಅವರು ಬಾಯಿ ತೆರೆಯುವ ಮೊದಲೇ ಬಾಯಿ ಅವರನ್ನು ಕುರ್ಚಿಯಲ್ಲಿ ಕೂರಿಸಿ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ಮಾತಾಡಿದರೆ ಲೆಕ್ಕ ತಪ್ಪುತ್ತದೆ, ಸುಮ್ಮನಿರಿ ಎಂದರು. ಗಾಳಿ ತುಂಬಿದರು, ಬಿಟ್ಟರು, ಮತ್ತೆ ತುಂಬಿದರು. ಹೀಗೆ ಹತ್ತು ನಿಮಿಷ ಯಜಮಾನರನ್ನು ಪಟ್ಟಿಯಲ್ಲಿ ಕಟ್ಟಿಟ್ಟು, ಮಲ್ಲಯ್ಯ ಬಿದ್ದ ದಿನದಿಂದ ಅವತ್ತಿನವರೆಗಿನ ಕಥೆಯನ್ನು ಪೂರಾ ಹೇಳಿ ಮುಗಿಸಿದರು. ಜಗಳ ಮಾಡಲು ಬಂದವರು ಉಪ್ಪು ಕಡಿಮೆ ತಿನ್ನಬೇಕೆಂಬ ಚೀಟಿ ಹಿಡಿದುಕೊಂಡು ಹೋದರು. ಮುಂದಿನ ವಾರ ಅದೇ ಜೀಪಿನಲ್ಲಿ ಮಲ್ಲಯ್ಯನನ್ನು ಹಾಸನದ ಮೂಳೆ ಡಾಕ್ಟರ ಬಳಿಗೆ ಕರೆದುಕೊಂಡು ಹೋದರೆನ್ನುವುದನ್ನೂ ಹೇಳಬೇಕು. ಮಲ್ಲಯ್ಯ ಮತ್ತೆ ಮರ ಹತ್ತಲಿಲ್ಲ. ಆದರೆ ಮಳೆಗಾಲ ಕಳೆಯುವ ಹೊತ್ತಿಗೆ ಕೋಲೂರಿಕೊಂಡು ಬಾಗಿಲವರೆಗೆ ಬಂದು ಬಿಸಿಲಿಗೆ ಕೂರುತ್ತಿದ್ದ.

ಈಗ ಸುಮಂತ ಆ ತೋಟದ ಯಜಮಾನ. ಪುಷ್ಪ ಆಲೂರಿನಲ್ಲಿ ಸ್ವಂತ ಗೂಡ್ಸ್ ಆಟೋ ಓಡಿಸುತ್ತಾಳೆ. ಅವಳ ಆಟೋವನ್ನು ಹಿಂದೆ ಹಾಕಿದ ಗಂಡಸು ಇನ್ನೂ ಹುಟ್ಟಿಲ್ಲವಂತೆ. ನಾನು ಸಕಲೇಶಪುರದ ಒಂದು ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಹೋದ ವರ್ಷ ನಮ್ಮಲ್ಲಿ ಚರ್ಚಾಸ್ಪರ್ಧೆ ಏರ್ಪಡಿಸಿದ್ದೆವು. ವಿಷಯ: ಯುವಜನರಿಗೆ ರಾಷ್ಟ್ರಸೇವೆ ಕಡ್ಡಾಯವಾಗಬೇಕೇ? ತೀರ್ಪುಗಾರರು ಯಾರೆಂಬ ಪ್ರಶ್ನೆಯೇ ಇರಲಿಲ್ಲ. ಎಂಬತ್ತು ದಾಟಿದ್ದ ಬಾಯಿಯನ್ನು ನಾನೇ ಕಾರಿನಲ್ಲಿ ಕರೆತಂದೆ.

ಬೇಕು ಎಂದು ವಾದಿಸಿದವರೇ ಹೆಚ್ಚು. ತೀರ್ಪುಗಾರರು ಯಾರ ಕಡೆಯೆಂದು ಮಕ್ಕಳಿಗೆ ಗೊತ್ತಿತ್ತಲ್ಲ! ಶಿಸ್ತು, ಐಕ್ಯ, ತ್ಯಾಗ ಎಂಬ ಮಾತುಗಳು ಸಭಾಂಗಣದಲ್ಲಿ ಗುಡುಗಿದವು. ಕೊನೆಯಲ್ಲಿ ಹೆಗ್ಗದ್ದೆ ಕಡೆಯ ಒಬ್ಬ ಹುಡುಗಿ ಎದ್ದಳು. ಮನಸ್ಸಿಲ್ಲದವರ ಕೈಯಿಂದ ಸೇವೆ ಮಾಡಿಸಿಕೊಳ್ಳುವ ರೋಗಿಯನ್ನು ಯಾರಾದರೂ ಒಂದು ಮಾತು ಕೇಳಿದ್ದೀರಾ ಎಂದಳು. ಮನೆಯಲ್ಲಿ ದುಡಿದು ಸುಸ್ತಾದವರನ್ನು ಮತ್ತೆ ದುಡಿಸುವುದು ಯಾವ ಸಮಾನತೆ ಎಂದಳು. ನಾನು ಹೆದರುತ್ತಾ ಬಾಯಿಯ ಮುಖ ನೋಡಿದೆ. ಅವರು ಏನನ್ನೋ ಬರೆದುಕೊಳ್ಳುತ್ತಿದ್ದರು.

ಮೊದಲ ಬಹುಮಾನ ಆ ಹುಡುಗಿಗೇ ಬಂತು. ಅವಳು ಹೇಳಿದ ಒಂದೊಂದು ಮಾತೂ ಸರಿ, ಶಿಸ್ತು ಶಿಸ್ತು ಎಂದವರಲ್ಲಿ ಮೂರು ಜನ ಅಂಗಿಗೆ ಗುಂಡಿ ಹಾಕಿಲ್ಲ ಎಂದು ಬಾಯಿ ಮೈಕಿನಲ್ಲಿ ಹೇಳಿದರು. ಹುಡುಗಿ ಕಪ್ ತೆಗೆದುಕೊಳ್ಳಲು ವೇದಿಕೆಗೆ ಬಂದಾಗ ಕಪ್ಪನ್ನು ಕೈಬಿಡದೆ, "ಚೆನ್ನಾಗಿ ಮಾತಾಡಿದೆ ಮಗಾ. ನಿಂಗೆ ಹದಿನೆಂಟು ತುಂಬ್ತಾ?" ಎಂದು ಕೇಳಿದರು. ಸಭೆ ಗೊಳ್ಳೆಂದಿತು.

ಮಧ್ಯಾಹ್ನ ಅವರನ್ನು ಮನೆಗೆ ಬಿಡಲು ಹೊರಟೆ. ಮನೆಯ ಮುಂದೆ ಕಾರು ನಿಂತರೂ ಬಾಯಿ ಇಳಿಯಲಿಲ್ಲ. ಗಾಜಿನಾಚೆ ನೋಡುತ್ತಲೇ, ನಿಮ್ಮನ್ನೆಲ್ಲ ಅಷ್ಟು ಬಲವಂತ ಮಾಡಿದ್ದು ತಪ್ಪೇ ಎಂದು ಕೇಳಿದರು. ನಾನು ಏನೋ ಸಮಾಧಾನ ಹೇಳಲು ಹೋದೆ. ಅವರು ಕೇಳಿಸಿಕೊಳ್ಳಲಿಲ್ಲ.

"ಮೂವತ್ತು ವರ್ಷ ವಾರ್ಡ್ ತುಂಬ ಜನರ ಮಧ್ಯೆ ಇದ್ದೋಳು ನಾನು. ಇಲ್ಲಿಗೆ ಬಂದ್ರೆ ಬಾಗಿಲು ತಟ್ಟೋರೇ ಇಲ್ಲ ಕಣೋ. ಬನ್ರೋ, ನನ್ನ ಜೊತೆ ಒಂಚೂರು ಕೂತ್ಕೊಳ್ಳಿ ಅಂತ ಕರೆದಿದ್ರೆ ನೀವೆಲ್ಲ ಬರ್ತಿದ್ರಾ?"

ಬರುತ್ತಿದ್ದೆವು ಎನ್ನಲು ಬಾಯಿ ತೆರೆದೆ. ಅವರ ಮುಂದೆ ಸುಳ್ಳು ಹೊರಡಲಿಲ್ಲ.

"ಇಲ್ಲ ಬಾಯಿ" ಎಂದೆ.

"ಅದಕ್ಕೇ ದೇಶದ ಹೆಸರು ಹೇಳಿದೆ ಮಾರಾಯ" ಎಂದರು ಅವರು.

ಕಾರಿನ ಬಾಗಿಲು ತೆರೆಯಲು ಅವರೇನೂ ಅವಸರ ಮಾಡಲಿಲ್ಲ. ನಾನೂ ಎಂಜಿನ್ ಆರಿಸಿದೆ.