ಸೀಬೆ ಎಲೆಯ ಕಷಾಯ

ಭಾವಮೈದುನ ಶರಣು ಹೇಳಿದ್ದನ್ನು ನಾನು ಪೂರ್ತಿ ಕೇಳಿಸಿಕೊಳ್ಳಬೇಕಿತ್ತು. ಅರ್ಧ ವಿಜ್ಞಾನ ಎಷ್ಟು ಅಪಾಯಕಾರಿ ಎಂಬುದು ನನ್ನ ಹೊಟ್ಟೆಗೇ ಗೊತ್ತು.

ಅವನು ಸೀಬೆ ಎಲೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾನೆ. (ಎಲೆ ಹಾಸಿಕೊಂಡು ಅಲ್ಲ.) ಕೆಂಪಾಪುರದ ನಮ್ಮ ಮನೆಗೆ ಬಂದವನು, "ಮಾಮಾ, ಆ ಎಲಿಯೊಳಗ ಕ್ವೆರ್ಸೆಟಿನ್ ಅಂತ ಒಂದು ಫ್ಲೇವನಾಯ್ಡ್ ಐತಿ. ಸಕ್ಕರಿ ರಕ್ತಕ್ಕ ಸೇರೂದನ್ನ ತಡೀತದೇನು ಅಂತ ನೋಡಾಕತ್ತೀವಿ. ಆದ್ರ ಟ್ಯಾನಿನ್ನೂ..." ಎಂದ.

ಆ 'ಆದ್ರ' ಮುಗಿಯುವ ಹೊತ್ತಿಗೆ ನಾನು ಪಕ್ಕದ ಮನೆಯ ಮುನಿನಾರಾಯಣಮ್ಮನವರ ಸೀಬೆ ಮರದ ಕೆಳಗಿದ್ದೆ! ಡಾಕ್ಟರು ನನಗೆ ಸಿಹಿ ಬಿಡಿಸಿದ್ದರು. ಮುನಿನಾರಾಯಣಮ್ಮನವರ ಮನೆಯಲ್ಲೋ, ಹೊಸ ಮಹಡಿಯ ಗೃಹಪ್ರವೇಶಕ್ಕೆ ಒಬ್ಬಟ್ಟು ಎಂಬ ಸುದ್ದಿ ಆಗಲೇ ಹಬ್ಬಿತ್ತು.

ಬೆಳಿಗ್ಗೆ ಒಂದು ಚೊಂಬು ಕಷಾಯ, ಸಂಜೆ ಇನ್ನೊಂದು.

"ಅದನ್ನ ಭೇದಿ ನಿಲ್ಲಸಾಕ ಕುಡೀತಾರ್ರೀ!" ಎಂದು ಹೆಂಡತಿ ದಾಕ್ಷಾಯಣಿ ಗದರಿದಳು.

"ಫ್ಲೇವನಾಯ್ಡ್ ಅಂದ್ರ ಏನಂತ ಗೊತ್ತೈತೇನು ನಿನಗ?" ಎಂದೆ.

ಅವಳಿಗೆ ಗೊತ್ತಿರಲಿಲ್ಲ. ಆದರೆ ಎಲೆಯ ಒಗರಾದ ಟ್ಯಾನಿನ್ನಿಗೆ ತನ್ನ ಕೆಲಸ ಚೆನ್ನಾಗಿ ಗೊತ್ತಿತ್ತು. ವಾರ ತುಂಬುವುದರೊಳಗೆ ನನ್ನ ಜಠರದ ಸಕಲ ಇಲಾಖೆಗಳೂ ಅನಿರ್ದಿಷ್ಟಾವಧಿ ಮುಷ್ಕರ ಹೂಡಿದವು. ಹೆಬ್ಬಾಳ ಫ್ಲೈಓವರಿನ ಟ್ರಾಫಿಕ್ಕಾದರೂ ಇಂಚಿಂಚಾಗಿ ಸಾಗುತ್ತದೆ. ಇಲ್ಲಿ ಅದೂ ಇಲ್ಲ.

ಗೃಹಪ್ರವೇಶದ ದಿನ ಮುಖ ಬಾಡಿಸಿಕೊಂಡೇ ಹೋದೆ. ಬಾಗಿಲಲ್ಲಿ ಮುನಿನಾರಾಯಣಮ್ಮನವರ ಯಜಮಾನರು ಅಕ್ಕರೆಯಿಂದ ಕೈ ಹಿಡಿದು, "ಏನ್ ಸಿದ್ರಾಮಪ್ಪನೋರೇ, ಆಯ್ತಾ?" ಎಂದರು.

ನನ್ನ ಹೊಟ್ಟೆಯ ಸುದ್ದಿ ಇವರಿಗೂ ಮುಟ್ಟಿದೆ ಎಂದುಕೊಂಡೆ. "ಎಲ್ಲಿ ಸಾರ್! ಮೊನ್ನೆಯಿಂದ ಒಂದು ಚೂರೂ ಇಲ್ಲ."

"ಮೊನ್ನೆಯಿಂದಾನಾ? ಮನೇಲಿ ಅಕ್ಕ ಏನೂ ಮಾಡಿಕೊಡ್ತಿಲ್ವಾ?"

"ಅವಳೇನು ಮಾಡ್ತಾಳೆ ಪಾಪ? ನಾನು ಒಳಗೆ ಕೂತು ಒದ್ದಾಡ್ತೀನಿ. ಅವಳು ಬಾಗಿಲಾಚೆ ನಿಂತು ಬೈತಾಳೆ."

"ಅಯ್ಯೋ ಶಿವನೇ, ಕೂಡಾಕ್ತಾರಾ!" ಎಂದವರೇ ನನ್ನನ್ನು ದರದರ ಎಳೆದು ಪಂಕ್ತಿಯಲ್ಲಿ ಕೂರಿಸಿ ಕೂಗಿದರು: "ಲೇ, ಇವ್ರ ಎಲೆಗೆ ಒಬ್ಬಟ್ಟು ಸುರೀರೋ! ಮೊನ್ನೆಯಿಂದ ಮನೇಲಿ ಊಟಾನೇ ಹಾಕಿಲ್ವಂತೆ!"

ಇಡೀ ಪಂಕ್ತಿ, ನನಗಿಂತ ಮೊದಲೇ ಬಂದು ಎದುರು ಸಾಲಿನಲ್ಲಿ ಕೂತಿದ್ದ ದಾಕ್ಷಾಯಣಿಯತ್ತ ತಿರುಗಿತು. ಬೀದಿಗೆಲ್ಲ ಜೋಳದ ರೊಟ್ಟಿ, ಎಣ್ಣೆಗಾಯಿ ಹಂಚಿ ಅನ್ನಪೂರ್ಣೆ ಎನಿಸಿಕೊಂಡವಳು ಅವಳು. ಮುಖ ಕೆಂಪಾಯಿತು, ಎದ್ದು ನಿಂತಳು. ಬೇಡ ಬೇಡವೆಂದು ನಾನು ಕಣ್ಣಿನಲ್ಲೇ ಕೈಮುಗಿದೆ.

"ಇವರಿಗೆ ಊಟಕ್ಕೇನೂ ಕಡಿಮಿಲ್ರೀ!" ಎಂದಳು, ಬೀದಿಯ ಕೊನೆಗೂ ಕೇಳುವಂತೆ. "ದಿನಾ ನಾಕು ರೊಟ್ಟಿ ಒಳಗ ಹೋಗತಾವು. ಹೊರಗ ಬರವಲ್ಲವು!"

ಸಾರಿನ ಸೌಟು ಗಾಳಿಯಲ್ಲೇ ನಿಂತಿತು. ಆಮೇಲೆ ಎದ್ದ ನಗುವಿಗೆ ಶಾಮಿಯಾನವೇ ಅಲುಗಿದಂತಾಯಿತು. ದಾಕ್ಷಾಯಣಿ ಗೆದ್ದವಳಂತೆ ಕುಳಿತು ಕೋಸಂಬರಿಗೆ ಕೈ ಹಾಕಿದಳು.

ಮುನಿನಾರಾಯಣಮ್ಮ ನಗು ತಡೆದುಕೊಳ್ಳುತ್ತ ಬಂದು, "ಸದ್ಯಕ್ಕೆ ಇದು ಬೇಡ ಕಣಪ್ಪ" ಎಂದು ನನ್ನ ಎಲೆಯ ಒಬ್ಬಟ್ಟುಗಳನ್ನೆಲ್ಲ ಎತ್ತಿಕೊಂಡು ಹೋದರು. ಆ ತುದಿಯಿಂದ ಯಾರೋ ಪುಣ್ಯಾತ್ಮರು ತಮ್ಮ ಬಾಳೆಹಣ್ಣನ್ನು ದಾಟಿಸಿದರು. ಅವರ ಪಕ್ಕದವರೂ ದಾಟಿಸಿದರು. ಕೈಯಿಂದ ಕೈಗೆ ಬಂದು, ಪಂಕ್ತಿಯ ಬಾಳೆಹಣ್ಣೆಲ್ಲ ನನ್ನ ಎಲೆಯ ಮೇಲೆ ಗುಡ್ಡೆ ಬಿತ್ತು.