ಟಿಡ್ವೆಲ್ ಮೇಷ್ಟ್ರ ಸೀಟು

"ಇವತ್ತು ಆ ಹೆಂಗಸಿನ ಬಾಯಿ ಮುಚ್ಚಿಸದಿದ್ರೆ ನನ್ನ ಹೆಸರು ಹೊರೇಸ್ ಟಿಡ್ವೆಲ್ ಅಲ್ಲ!"

ಗುರುವಾರ ಸಂಜೆ ತಮ್ಮ ಗ್ಯಾರೇಜಿನಲ್ಲಿ, ಹಳೆಯ ಪಿಕಪ್ ಗಾಡಿಯ ಸ್ಟೀರಿಂಗಿನ ಮುಂದೆ ಕೂತು, ಟಿಡ್ವೆಲ್ ಮೇಷ್ಟ್ರು ಹೀಗೆ ಭೀಷಣ ಪ್ರತಿಜ್ಞೆ ಮಾಡಿದರು. ಪ್ರತಿಜ್ಞೆಯಲ್ಲಿ ಒಂದು ಸಣ್ಣ ದೋಷವಿತ್ತು. ಅವರು ಆಕೆಯ ಬಾಯಿ ಮುಚ್ಚಿಸಲು ಹೊರಟಿದ್ದದ್ದು ರೇಡಿಯೋದಲ್ಲಿ. ರೇಡಿಯೋದಲ್ಲಿ ಅವರ ಹೆಸರು ಹೊರೇಸ್ ಟಿಡ್ವೆಲ್ ಆಗಿರಲೇ ಇಲ್ಲ. 'ನದಿದಂಡೆಯ ಸ್ಲಿಮ್' ಎಂದಾಗಿತ್ತು. ಸ್ಲಿಮ್ ಎಂದರೆ ಸಪೂರ. ಮೇಷ್ಟ್ರು ಸ್ಟೀರಿಂಗಿಗೂ ಸೀಟಿಗೂ ನಡುವೆ ಸೇರಿಕೊಳ್ಳಬೇಕಾದರೆ ಮೊದಲು ಉಸಿರನ್ನೆಲ್ಲ ಹೊರಗೆ ಬಿಡಬೇಕಿತ್ತು.

ಅಲಬಾಮದ ಎಲ್ಡರ್ ಕ್ರೀಕ್ ಊರಿನಲ್ಲಿ ಭಾನುವಾರ ದೇವರದು, ಶನಿವಾರ ಕೈಯಲ್ಲಿ ಚೆಂಡೆಸೆದು ಆಡುವ ಅಮೆರಿಕದ ಫುಟ್‌ಬಾಲಿನದು, ಗುರುವಾರ ಡೂಲಿ ಪ್ರೂಯಿಟ್‌ನದು. ಟೊಂಬಿಗ್ಬಿ ವಿಶ್ವವಿದ್ಯಾಲಯದ ಹುಡುಗರ ತಂಡಕ್ಕೆ 'ಹೇಸರಗತ್ತೆಗಳು' ಎಂದು ಹೆಸರು. ಊರಿನವರು ಅದನ್ನು ಪರಮ ಗೌರವದಿಂದಲೇ ಉಚ್ಚರಿಸುತ್ತಾರೆ. ಆ ಹೇಸರಗತ್ತೆಗಳ ಗುಣದೋಷಗಳನ್ನು ಯಾರು ಬೇಕಾದರೂ ಫೋನು ಮಾಡಿ ವಿಮರ್ಶಿಸಬಹುದಾದ ಒಂದು ಗಂಟೆಯ ರೇಡಿಯೋ ಕಾರ್ಯಕ್ರಮ ಡೂಲಿಯದು. ಆ ಒಂದು ಗಂಟೆ ಊರಿನಲ್ಲಿ ಯಾರೂ ಸಾಯುವುದಿಲ್ಲ ಎಂದು ಪ್ರತೀತಿ.

ಮೇಷ್ಟ್ರು ಹೈಸ್ಕೂಲಿನಲ್ಲಿ ಜ್ಯಾಮಿತಿ ಕಲಿಸಿ ನಿವೃತ್ತರಾದವರು. ಬ್ಯಾಪ್ಟಿಸ್ಟ್ ಚರ್ಚಿನ ಹಿರಿಯರಲ್ಲೊಬ್ಬರು. ಅಂಥವರು ಒಬ್ಬ ಇಪ್ಪತ್ತು ವರ್ಷದ ಹುಡುಗನ ಮೇಲೆ ರೇಡಿಯೋದಲ್ಲಿ ಹರಿಹಾಯ್ದರೆ ಚೆನ್ನಾಗಿರುತ್ತದೆಯೇ? ಆದ್ದರಿಂದ ಈ ಮಾರುವೇಷ. ಉಪ್ಪುನೀರಿನಲ್ಲಿ ಬೇಯಿಸಿದ ಕಡಲೆಕಾಯಿಯನ್ನು ಒಂದು ದವಡೆಗೆ ತುಂಬಿಕೊಂಡು ಮಾತಾಡಿದರೆ ದನಿ ಗುರುತು ಸಿಗದು ಎಂಬುದು ಅವರ ಸಂಶೋಧನೆ. ಹೆಂಡತಿ ವರ್ನೆಲ್‌ಗೆ ಮಾತ್ರ ಪ್ರತಿ ಗುರುವಾರವೂ, "ಗಾಡೀದು ಎಣ್ಣೆ ನೋಡ್ಕೊಂಡು ಬರ್ತೀನಿ" ಎಂದು ಹೇಳುತ್ತಿದ್ದರು. ಇಡೀ ಜಿಲ್ಲೆಯಲ್ಲಿ ಅಷ್ಟು ಕಾಳಜಿಯಿಂದ ಎಣ್ಣೆ ನೋಡಿಸಿಕೊಂಡ ಗಾಡಿ ಇನ್ನೊಂದಿರಲಿಲ್ಲ.

"ಹೋಗು, ನೋಡ್ಕೊಂಡು ಬಾ. ನಾನು ಒಗೆದ ಬಟ್ಟೆ ಮಡಿಸ್ತೀನಿ," ಎಂದಿದ್ದಳು ವರ್ನೆಲ್ ಅಂದೂ. "ಮೆಕ್ಕೆಜೋಳದ ರೊಟ್ಟಿ ಓವನ್ನಿನಲ್ಲಿಟ್ಟಿದೀನಿ ಹೊರೇಸ್. ಕೆಂಪಗಾದ ತಕ್ಷಣ ತೆಗಿ."

"ಹ್ಞೂಂ."

"ಕೇಳಿಸ್ತಾ? ಮೊನ್ನೆ ಪಂದ್ಯದಲ್ಲಿ ಆ ಹುಡುಗ..."

"ವರ್ನೆಲ್, ಮಾತಾಡೋದಿದ್ರೆ ಕೈ ಎತ್ತು!"

ಇದು ಮೇಷ್ಟ್ರ ಬಾಳಿನ ಮೂಲಸೂತ್ರ. ತರಗತಿಯಲ್ಲಿ ಕೈ ಎತ್ತದೆ ಯಾರೂ ಮಾತಾಡಿದ್ದಿಲ್ಲ. ಮನೆಯಲ್ಲೂ, ವಿಷಯ ಫುಟ್‌ಬಾಲಾದರೆ, ಅದೇ ಕಾನೂನು. ವರ್ನೆಲ್ ಮದುವೆಯಾದ ಹೊಸತರಲ್ಲಿ ನಾಲ್ಕಾರು ಸಲ ಕೈ ಎತ್ತಿದ್ದಳು. ಮೇಷ್ಟ್ರ ಕಣ್ಣು ಟೀವಿಯ ಮೇಲಿದ್ದುದರಿಂದ ಅದು ಅವರಿಗೆ ಕಂಡಿರಲಿಲ್ಲ. ಆಮೇಲೆ ಅವಳು ಬಟ್ಟೆ ಮಡಿಸುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದನ್ನು ಕಲಿತಳು.

ಗ್ಯಾರೇಜಿನಲ್ಲಿ ಮೇಷ್ಟ್ರು ಕಡಲೆಕಾಯಿ ತುಂಬಿಕೊಂಡು ನಂಬರು ಒತ್ತಿದರು.

"ನದಿದಂಡೆಯ ಸ್ಲಿಮ್!" ಎಂದ ಡೂಲಿ ಸಂಭ್ರಮದಿಂದ. "ಮೊದಲು ರೇಡಿಯೋ ಸಣ್ಣ ಮಾಡಿ ಸ್ವಾಮಿ. ಹ್ಞಾಂ, ಈಗ ಹೇಳಿ. ಶನಿವಾರ ಪಿಯರ್ಸನ್ ಕಾಲೇಜಿನ ಕರಡಿಗಳು ಬರ್ತಿದಾರೆ. ನಮ್ಮ ಬಲ ಹೇಗಿದೆ?"

"ಬಲಕ್ಕೇನು ಕಡಿಮೆ ಡೂಲಿ? ಮುಂದಿನ ಸಾಲಿನ ಐದು ಜನ ಒಬ್ಬೊಬ್ಬನೂ ಒಂದೊಂದು ಟ್ರ್ಯಾಕ್ಟರು! ಕೆಟ್ಟಿರೋದು ಸೇನಾಪತಿ. ಕ್ವಾರ್ಟರ್‌ಬ್ಯಾಕ್ ಅಂದ್ರೆ ಚೆಂಡು ಕೈಗೆ ಬಂದ ಕ್ಷಣ ಯಾರಿಗೆ ಎಸೀಬೇಕು ಅಂತ ಗೊತ್ತಿರಬೇಕು. ಈ ಟೆರೆಲ್ ಗಡ್ಸನ್ ಏನು ಮಾಡ್ತಾನೆ? ಯಾರೂ ಇಲ್ಲದ ಕಡೆ ಎಸೀತಾನೆ! ನಾನು ಕೋನ ಅಳತೆ ಮಾಡಿ ನೋಡಿದೀನಿ. ಅವನ ಚೆಂಡು ಹೊರಟಾಗ ಅಲ್ಲಿ ಬರೀ ಹುಲ್ಲು! ಅವನನ್ನ ಕೂರಿಸಿ ವೇಡ್ ಕಾಲಿನ್ಸ್‌ನ ಆಡಿಸಿ. ಅವನು ಒಂದೇ ಒಂದು ತಪ್ಪು ಮಾಡಲ್ಲ."

"ಎರಡನೇ ಲೈನಿನಲ್ಲಿ ಒಬ್ಬರು ಕಾಯ್ತಾ ಇದ್ದಾರೆ," ಎಂದ ಡೂಲಿ. ಅವನ ದನಿಯಲ್ಲಿ ಬೆಣ್ಣೆ ಜಿನುಗುತ್ತಿತ್ತು. "ಮಿಸ್ ಡಾಟ್, ಬನ್ನಿ ತಾಯಿ."

ಮೇಷ್ಟ್ರು ಸೆಟೆದು ಕೂತರು. ಬಂದಳು! ಕಳೆದ ವರ್ಷದಿಂದ ಅವರ ನಿದ್ದೆ ಕೆಡಿಸಿದ್ದವಳು ಈ ಮಿಸ್ ಡಾಟ್. ಸಮುದ್ರತೀರದ ದೊಡ್ಡ ಮನೆತನದವರ ಹಾಗೆ ಎಳೆದೆಳೆದು ಮಾತಾಡುವ ಹೆಂಗಸು. ಅವರ ಒಂದೊಂದು ವಾದವನ್ನೂ ಕೋಳಿ ಪುಕ್ಕ ತರಿದಂತೆ ತರಿದು ಎಸೆಯುತ್ತಿದ್ದಳು. ಅದಕ್ಕಿಂತ ಅಸಹ್ಯವಾದ ಸಂಗತಿಯೆಂದರೆ, ಆಕೆ ಹೇಳಿದ್ದು ಬಹುಪಾಲು ಸರಿಯಾಗಿರುತ್ತಿತ್ತು. ಆಕೆ ಕರೆ ಮಾಡದಿದ್ದ ಗುರುವಾರಗಳಲ್ಲಿ ಮೇಷ್ಟ್ರಿಗೆ ಊಟ ಸೇರುತ್ತಿರಲಿಲ್ಲ. ಇದನ್ನು ಅವರು ಅಜೀರ್ಣವೆಂದು ಭಾವಿಸಿದ್ದರು.

"ಸ್ಲಿಮ್ ಸಾಹೇಬರು ಹೇಳೋದು ನಿಜ," ಎಂದಳು ಮಿಸ್ ಡಾಟ್. "ಆ ಐವರೂ ಟ್ರ್ಯಾಕ್ಟರುಗಳೇ. ಡೀಸೆಲ್ ಹಾಕಿಲ್ಲ, ಅಷ್ಟೇ. ಎಡಗಡೆಯ ಎರಡನೆಯವನಂತೂ ಎದುರಾಳಿ ಬಂದಾಗಲೆಲ್ಲ ಬಾಗಿಲು ತೆಗೆದು, ದಯಮಾಡಿಸಿ ಅಂತಾನೆ. ಇನ್ನು ಕಾಲಿನ್ಸ್ ತಪ್ಪು ಮಾಡಲ್ಲ, ಒಪ್ಪಿದೆ. ಏನಾದ್ರೂ ಮಾಡಿದ್ರೆ ತಾನೆ ತಪ್ಪಾಗೋದು?"

ಡೂಲಿ ಕಿಸಕ್ಕನೆ ನಕ್ಕ.

"ಮೇಡಂ, ನೀವು ಹುಲ್ಲಿನ ವಿಷಯಕ್ಕೆ ಬನ್ನಿ!" ಎಂದರು ಮೇಷ್ಟ್ರು.

"ಬಂದೆ. ಚೆಂಡು ಹೊರಟಾಗ ಅಲ್ಲಿ ಹುಲ್ಲೇ ಇರುತ್ತೆ. ಚೆಂಡು ಇಳಿಯೋ ಹೊತ್ತಿಗೆ ಅಲ್ಲಿ ನಮ್ಮ ಹುಡುಗ ಇರ್ತಾನೆ. ಗಡ್ಸನ್ ಕಣ್ಣು ಎಡಕ್ಕೆ ಹಾಕಿ ಎದುರಾಳಿಗಳನ್ನೆಲ್ಲ ಎಡಕ್ಕೆ ಕಳಿಸ್ತಾನೆ, ಚೆಂಡು ಬಲಕ್ಕೆ. ಹಿಡಿಯೋನು ಇನ್ನೂ ತಿರುಗಿರಲ್ಲ. ತಿರುಗ್ತಾನೆ ಅಂತ ಇವನಿಗೆ ಗೊತ್ತು. ಅದು ಕಲಿಸಿ ಬರೋ ವಿದ್ಯೆಯಲ್ಲ ಸಾಹೇಬ್ರೆ. ನಮ್ಮ ಯಜಮಾನರನ್ನೇ ನೋಡಿ. ಹೊರಗಿನ ಊರಿನ ಪಂದ್ಯ ನೋಡುವಾಗ ಟೀವಿಯಿಂದ ಕಣ್ಣು ಕೀಳದೆ ಪಕ್ಕಕ್ಕೆ ಕೈ ಚಾಚ್ತಾರೆ. ಕೈ ಬರೋಕೆ ಮುಂಚೆ ನಾನು ಅಲ್ಲಿ ತಣ್ಣನೆ ಚಹಾದ ಲೋಟ ಇಟ್ಟಿರ್ತೀನಿ. ಇಷ್ಟು ವರ್ಷದಲ್ಲಿ ಒಂದು ಸಲವೂ ಅವರ ಕೈಗೆ ಗಾಳಿ ಸಿಕ್ಕಿಲ್ಲ. ಲೋಟ ಹೇಗೆ ಬಂತು ಅಂತ ಅವರು ಒಂದು ಸಲವೂ ಕೇಳಿಲ್ಲ."

"ಎಂಥ ಕತ್ತೆಯಮ್ಮಾ ನಿಮ್ಮ ಗಂಡ!" ಎಂದರು ಮೇಷ್ಟ್ರು, ಮನಃಪೂರ್ವಕವಾಗಿ.

"ಕತ್ತೆಯಲ್ಲ, ಹೇಸರಗತ್ತೆ," ಎಂದಳು ಮಿಸ್ ಡಾಟ್.

ಸೋಲು ಸಮೀಪಿಸುತ್ತಿರುವುದನ್ನು ಕಂಡ ಮೇಷ್ಟ್ರು ಬ್ರಹ್ಮಾಸ್ತ್ರ ಎತ್ತಿದರು. "ಡೂಲಿ, ಊರೆಲ್ಲ ಕೇಳಲಿ! ಕ್ರೀಡಾಂಗಣದಲ್ಲಿ ನಮ್ಮಪ್ಪನಿಂದ ಬಂದ ಸೀಟುಗಳಿವೆ ನನಗೆ. ಮೈದಾನದ ನಟ್ಟನಡುವಿಗೆ ಎದುರಾಗಿ, ಅಕ್ಕಪಕ್ಕ ಎರಡು. ಶನಿವಾರ ಗಡ್ಸನ್ ಆಡಿ ಗೆದ್ದರೆ ಇನ್ನುಳಿದ ಇಡೀ ವರ್ಷ ಎರಡೂ ಸೀಟು ಮಿಸ್ ಡಾಟ್‌ದು! ಸೋತರೆ ಆಕೆ ಇನ್ನು ಈ ಕಾರ್ಯಕ್ರಮಕ್ಕೆ ಕರೆ ಮಾಡಕೂಡದು!"

ಆ ಊರಿನಲ್ಲಿ ಹೊಲ ಪಣಕ್ಕಿಟ್ಟವರುಂಟು; ಅಪ್ಪನ ಸೀಟು ಇಟ್ಟವರಿಲ್ಲ.

"ಒಪ್ಪಿದೆ," ಎಂದಳು ಮಿಸ್ ಡಾಟ್.

ಆಗಲೇ ಕೇಳಿಸಿದ್ದು. ಕೀಂ! ಕೀಂ! ಕೀಂ!

"ಸ್ಲಿಮ್, ನಿಮ್ಮಲ್ಲಿ ಏನೋ ಕಿರಿಚ್ತಾ ಇದೆ," ಎಂದ ಡೂಲಿ.

"ಅದು ನನ್ನದಲ್ಲ, ಆಕೇದು!"

"ಮಿಸ್ ಡಾಟ್, ನಿಮ್ಮಲ್ಲೂ ಕಿರಿಚ್ತಾ ಇದೆ."

"ಅಯ್ಯೋ, ಅದು ಹೊಗೆ ಗಂಟೆ! ನಮ್ಮ ಮನೇಲಿ ರೊಟ್ಟಿ..." ಸಮುದ್ರತೀರದ ಎಳೆತವೆಲ್ಲ ಒಂದೇ ಏಟಿಗೆ ಉದುರಿಹೋಯಿತು. "ಹೊರೇಸ್! ರೊಟ್ಟಿ ತೆಗೀ ಅಂದಿದ್ನಲ್ಲೋ!"

"ತೆಗೀತಿದ್ದೆ ವರ್ನೆಲ್, ಎಣ್ಣೆ ನೋಡ್ತಾ..." ಎಂದ ಮೇಷ್ಟ್ರ ಬಾಯಿ ಹಾಗೇ ತೆರೆದುಕೊಂಡಿತು. ಕಡಲೆಕಾಯೆಲ್ಲ ಸ್ಟೀರಿಂಗಿನ ಮೇಲೆ ಬಿತ್ತು. ಗಾಡಿಯ ರೇಡಿಯೋ, ಸ್ವಲ್ಪ ತಡವಾಗಿ, ತನ್ನ ಧರ್ಮದಂತೆ, 'ಹೊರೇಸ್! ರೊಟ್ಟಿ ತೆಗೀ ಅಂದಿದ್ನಲ್ಲೋ!' ಎಂದು ಮತ್ತೊಮ್ಮೆ ಕೂಗಿತು. ಅದು ಊರಿನ ಪ್ರತಿ ಅಡುಗೆಮನೆಯಲ್ಲೂ ಕೂಗುತ್ತಿದೆ ಎಂಬುದು ಅವರಿಗೆ ಆಗ ಹೊಳೆಯಿತು.

"ಸ್ನೇಹಿತರೇ," ಎಂದ ಡೂಲಿ, ನಗು ತಡೆಯಲಾರದೆ ಬಿಕ್ಕುತ್ತಾ, "ನದಿದಂಡೆಗೂ ಸಮುದ್ರತೀರಕ್ಕೂ ಒಂದೇ ಸಲ ಬೆಂಕಿ ಬಿದ್ದಿದೆ!"

ಮೇಷ್ಟ್ರು ಅಡುಗೆಮನೆಗೆ ಒಂದು ಬಾಗಿಲಿಂದ ನುಗ್ಗಿದರು, ವರ್ನೆಲ್ ಇನ್ನೊಂದರಿಂದ. ಇಬ್ಬರ ಕೈಯಲ್ಲೂ ಫೋನು. ನಡುವೆ, ಓವನ್ನಿನೊಳಗಿನ ಕಬ್ಬಿಣದ ಬಾಣಲೆಯಲ್ಲಿ, ಒಂದು ಕಪ್ಪು ಗ್ರಹ ಹೊಗೆಯಾಡುತ್ತಿತ್ತು.

ಯಾರೂ ಕರೆಯದೆಯೇ ಅಗ್ನಿಶಾಮಕ ಗಾಡಿ ಬಂತು. ಅದನ್ನು ಓಡಿಸುತ್ತಿದ್ದವನು ವರ್ನೆಲ್‌ಳ ತಮ್ಮ ಲಮಾರ್. ಅವನೂ ರೇಡಿಯೋ ಕೇಳುತ್ತಿದ್ದ. ಮೇಷ್ಟ್ರ ಎರಡನೇ ಸೀಟಿನಲ್ಲಿ ಪ್ರತಿ ಪಂದ್ಯಕ್ಕೂ ಕೂರುತ್ತಿದ್ದವನೂ ಅವನೇ.

"ಭಾವಾ," ಎಂದ ಅವನು ನೀರಿನ ಕೊಳವೆ ಹಿಡಿದುಕೊಂಡೇ, "ನನ್ನ ಸೀಟನ್ನೂ ಪಣಕ್ಕಿಟ್ಯಲ್ಲಾ! ಒಂದು ಮಾತು ಕೇಳೋದಲ್ವಾ?"

"ನಿನ್ನ ಭಾವ ಯಾರನ್ನ ಕೇಳಿದಾನೆ?" ಎಂದಳು ವರ್ನೆಲ್ ಕಿಟಕಿ ತೆರೆಯುತ್ತಾ.

ಮೇಷ್ಟ್ರು ಮೆಲ್ಲಗೆ, "ನಿನಗೆ ಆಟ ಅರ್ಥ ಆಗುತ್ತೆ ಅಂತ ನಂಗೆ ಗೊತ್ತಿರಲಿಲ್ಲ," ಎಂದರು.

"ಗೊತ್ತಾಗೋದು ಹೇಗೆ? ನಾನು ಎತ್ತಿದ ಕೈ ನಿನಗೆ ಕಾಣ್ಲಿಲ್ಲ."

"ಈ ಪಣ... ಮನೆಯೊಳಗಿನ ಮಾತು. ಬಿಟ್ಟುಬಿಡೋಣ."

"ಊರೆಲ್ಲ ಕೇಳಲಿ ಅಂದವರು ಯಾರು? ಊರು ಕೇಳಿದೆ."

ಶನಿವಾರ ಬಂತು. ಕ್ರೀಡಾಂಗಣದಲ್ಲಿ ಲಮಾರ್ ಪಕ್ಕ ಅಪ್ಪನ ಸೀಟಿನಲ್ಲಿ ಕೂತ ಮೇಷ್ಟ್ರ ಬಾಳಿನಲ್ಲಿ ಅಂಥ ಧರ್ಮಸಂಕಟ ಹಿಂದೆ ಬಂದಿರಲಿಲ್ಲ. ಹೇಸರಗತ್ತೆಗಳು ಗೆದ್ದರೆ ಅಪ್ಪನ ಸೀಟು ಹೋಗುತ್ತದೆ. ಸೋತರೆ ಮಿಸ್ ಡಾಟ್ ಬಾಯಿ ಮುಚ್ಚುತ್ತಾಳೆ. ಮೊನ್ನೆಯ ತನಕ ಅವರು ಬಯಸಿದ್ದು ಅದನ್ನೇ. ಈಗ ಮಿಸ್ ಡಾಟ್ ಇಲ್ಲದ ಗುರುವಾರಗಳನ್ನು ನೆನೆದರೆ ಹೊಟ್ಟೆಯಲ್ಲಿ ಮತ್ತೆ ಆ ಅಜೀರ್ಣ ಎದ್ದು ಕೂರುತ್ತಿತ್ತು.

ಕೊನೆಯ ನಿಮಿಷ. ಕರಡಿಗಳು ನಾಲ್ಕು ಅಂಕ ಮುಂದಿದ್ದರು. ಎಡಗಡೆಯ ಎರಡನೆಯವನು ಎಂದಿನಂತೆ ಬಾಗಿಲು ತೆರೆದ. ಇಬ್ಬರು ದೈತ್ಯರು ಒಳನುಗ್ಗಿದರು. ಗಡ್ಸನ್ ಕದಲಲಿಲ್ಲ. ಎಡಕ್ಕೆ ನೋಡಿದ, ಕರಡಿಗಳೆಲ್ಲ ಎಡಕ್ಕೆ ಹೊರಳಿದರು. ಮೈಮೇಲೆ ಬೀಳುತ್ತಿದ್ದವರ ಉಸಿರು ಕೊರಳಿಗೆ ತಾಗುತ್ತಿದ್ದಾಗ, ನೋಡದೆಯೇ, ಬಲಕ್ಕೆ ಎಸೆದ. ಹುಲ್ಲಿಗೆ! ಬರೀ ಹುಲ್ಲಿಗೆ!

ಚೆಂಡು ಅವಸರವಿಲ್ಲದೆ ತಿರುಗುತ್ತಾ ಹೋಯಿತು. ಆ ಒಂದು ಗಳಿಗೆ ಮೇಷ್ಟ್ರಿಗೆ ಮೈದಾನ ಕಾಣಲಿಲ್ಲ. ತಮ್ಮದೇ ಕೈ ಕಂಡಿತು, ಮನೆಯ ಟೀವಿ ಮುಂದಿನ ಕುರ್ಚಿಯ ಪಕ್ಕಕ್ಕೆ ಚಾಚಿದ್ದು, ಕಣ್ಣಿಲ್ಲದ್ದು. ಅದರೊಳಗೆ ಸದ್ದಿಲ್ಲದೆ ಬಂದು ಕೂರುವ ತಣ್ಣನೆಯ ಲೋಟ. ಇಷ್ಟು ವರ್ಷ, ಒಮ್ಮೆಯೂ ತಪ್ಪದೆ. ಎಂಥ ಎಸೆತಗಾತಿ! ಮತ್ತೆ ನೋಡಿದರೆ, ಹುಲ್ಲಿನ ಜಾಗದಲ್ಲಿ ನಮ್ಮ ಹುಡುಗ ಚೆಂಡನ್ನು ಎದೆಗವಚಿಕೊಂಡು ಗೆರೆ ದಾಟಿದ್ದ. ಆರು ಅಂಕ, ಗೆಲುವು!

"ಗಡ್ಸನ್! ಬಂಗಾರ! ನನ್ನಪ್ಪಾ!" ಎಂದು ಮೇಷ್ಟ್ರು ಸೀಟಿನ ಮೇಲೆಯೇ ಹತ್ತಿ ಕುಣಿದರು. ಪಕ್ಕದವನ ಪಾಪ್‌ಕಾರ್ನು ಆಕಾಶಕ್ಕೆ ಹಾರಿತು. ಆಮೇಲೆ ಪಣ ನೆನಪಾಗಿ ಮೆಲ್ಲಗೆ ಕೂತರು.

"ಚೆನ್ನಾಗಿ ಕೂತ್ಕೋ ಭಾವ," ಎಂದ ಲಮಾರ್ ಸಂಕಟದಿಂದ. "ಇನ್ನು ಮುಂದಿನ ವರ್ಷವೇ."

ಮುಂದಿನ ಗುರುವಾರ ಮೇಷ್ಟ್ರು ಗ್ಯಾರೇಜಿನ ಬಾಗಿಲನ್ನು ಹಾಕಲಿಲ್ಲ. ಕಡಲೆಕಾಯಿಯನ್ನೂ ತರಲಿಲ್ಲ.

"ಡೂಲಿ, ನಾನು ಹೊರೇಸ್ ಟಿಡ್ವೆಲ್. ಬಹಳ ವರ್ಷದ ಕೇಳುಗ. ಮೊದಲನೇ ಸಲ ಕರೆ ಮಾಡ್ತಿದೀನಿ."

"ಓಹೋ! ಹೇಳಿ ಮೇಷ್ಟ್ರೇ."

"ಗಡ್ಸನ್ ವಿಷಯದಲ್ಲಿ ಮಿಸ್ ಡಾಟ್ ಹೇಳಿದ್ದೇ ಸರಿ. ಈ ದೇಶದಲ್ಲಿ ಅವನಂಥ ಕೈ ಇನ್ನೊಂದಿಲ್ಲ. ಇದೆ, ಒಂದೇ ಒಂದಿದೆ, ಅದು ಈಗ ಅಡುಗೆಮನೇಲಿದೆ. ಶನಿವಾರ ಆಕೆಯ ಪಕ್ಕದ ಸೀಟು ಖಾಲಿ ಇದ್ಯಾ ಅಂತ ಕೇಳಬೇಕಿತ್ತು."

"ಮನೇಲೇ ಕೇಳ್ಬಹುದಿತ್ತಲ್ಲಾ?"

"ಕೇಳ್ದೆ. ಫುಟ್‌ಬಾಲ್ ವಿಷಯ ಏನಿದ್ರೂ ಗುರುವಾರ ರೇಡಿಯೋದಲ್ಲಿ ಮಾತಾಡು ಅಂದ್ಲು."

ಎರಡನೇ ಲೈನು ಜೀವ ತಳೆಯಿತು. "ಲಮಾರ್‌ನೂ ಕೇಳಿದಾನೆ, ಪಾದ್ರಿಗಳೂ ಕೇಳಿದಾರೆ," ಎಂದಿತು ವರ್ನೆಲ್‌ಳ ದನಿ. "ಆದ್ರೂ ಹೊರೇಸ್‌ಗೇ ಕೊಡ್ತೀನಿ. ಒಂದೇ ಷರತ್ತು. ಪಂದ್ಯ ನಡೆಯುವಾಗ ಮಾತಾಡೋದಿದ್ರೆ ಮೊದಲು ಕೈ ಎತ್ತಬೇಕು."

ಊರಿಗೆ ಊರೇ ಕಿವಿಯಾಗಿ ಕಾಯಿತು.

"ಮೇಷ್ಟ್ರೇ?" ಎಂದ ಡೂಲಿ. "ಲೈನಿನಲ್ಲಿದ್ದೀರಾ? ಏನೂ ಹೇಳೋದಿಲ್ವಾ?"

ಗಾಡಿಯ ಕಿಟಕಿಯಿಂದ ಹೊರಕ್ಕೆ ಒಂದು ಕೈ ನೆಟ್ಟಗೆ ಮೇಲೆದ್ದಿತ್ತು. ಅದರೊಳಕ್ಕೆ ಯಾರೋ ಸದ್ದಿಲ್ಲದೆ ಒಂದು ತಣ್ಣನೆಯ ಲೋಟ ಇಟ್ಟರು. ಮೇಷ್ಟ್ರು ಈ ಸಲ ತಿರುಗಿ ನೋಡಿದರು, ಫೋನಿಗೆ ಪಿಸುಗುಟ್ಟಿದರು:

"ಹೇಳೋದು ಬಹಳ ಇದೆ ಡೂಲಿ. ಕೈ ಎತ್ತಿದೀನಿ. ಇನ್ನೂ ಅಪ್ಪಣೆ ಸಿಕ್ಕಿಲ್ಲ."