ಸುಮತಿಯ ಲಗ್ನವೂ ಏಕಾದಶಿಯ ಅವಲಕ್ಕಿಯೂ

ಕೇಳಿರಿ, ಸಜ್ಜನರೇ! ಹತ್ತೊಂಬತ್ತನೆಯ ಶತಮಾನವು ಮುದಿಯಾಗಿ, ಧಾರವಾಡದ ಗೃಹಿಣಿಯರ ಕೈಯಲ್ಲಿ ಸೌಟಿನೊಡನೆ ಲೇಖಣಿಯೂ ಮೆರೆಯತೊಡಗಿದ ಆ ಪುಣ್ಯಯುಗದಲ್ಲಿ, ಏಕಾದಶೀವ್ರತಧುರಂಧರೆಯೂ ಕಾದಂಬರೀರಚನಾಚತುರೆಯೂ ಆದ ವೇಣುಬಾಯಿಯು ತನ್ನ ಪ್ರಥಮ ಕೃತಿಯ ಕಟ್ಟಕಡೆಯ ಅಧ್ಯಾಯದೆದುರು ರಣಸನ್ನದ್ಧಳಾಗಿ ಕುಳಿತಿದ್ದಳು.

ಎದುರಾಳಿ ಬೇರಾರೂ ಅಲ್ಲ, ಕೈಹಿಡಿದ ಗಂಡ. ಸಂಧ್ಯಾವಂದನವಿಮುಖನೂ ಸಕಲಶಾಸ್ತ್ರಸಂಶಯಿಯೂ ದುಂಡಕ್ಷರವೀರನೂ ಆದ ಸ್ವಾಮಿರಾಯ ಮಾಸ್ತರನು ಹೆಂಡತಿಯ ಬರಹವನ್ನು ಶುದ್ಧಪ್ರತಿ ಮಾಡಿಕೊಡುವವನು. ಅವಳ ಕೋಳಿ ಕೆದರಿದಂಥ ಅಕ್ಷರವನ್ನು ಅಚ್ಚುಕೂಟದವರು ಓದಲಾರರು. ಮಧ್ಯಾಹ್ನದ ಟಪಾಲಿಗೆ ಕಾದಂಬರಿ ಹೊರಡಬೇಕು. ಆದರೆ ನಾಯಕಿ ಸುಮತಿಗೆ ಇನ್ನೂ ಲಗ್ನವಾಗಿಲ್ಲ. ನಾಯಕ ಮನೋಹರನಿಗೆ ದೇವರಲ್ಲಿ ನಂಬಿಕೆಯಿಲ್ಲ.

"ನಂಬದಾಂವಗ ನನ್ನ ಸುಮತೀನ್ನ ಕೊಡೂದಿಲ್ಲ!" ಎಂದು ವೇಣುಬಾಯಿ ಗರ್ಜಿಸಿದಳು. "ಮೊದಲ ಆಚಮನ ಮಾಡಲಿ, ಆಮ್ಯಾಲೆ ಅಕ್ಷತಿ."

"ಅಂವಾ ಆಚಮನ ಮಾಡಿದರ ನಾ ಲೇಖಣಿ ಮುಟ್ಟೂದಿಲ್ಲ!" ಎಂದು ಮಾಸ್ತರನು ಗುಡುಗಿದನು. "ಒಳ್ಳೇ ಮನಷ್ಯಾ ಇದ್ದಾನ, ಸಾಕು. ಹೇಣ್ತಿ ಸಲುವಾಗಿ ಸೋಗು ಹಾಕಬೇಕೇನು?"

"ನಂಬೂದು ಬಿಡ್ರಿ. ಲಗ್ನಾಗಿ ಹನ್ನೊಂದು ವರ್ಷ ಆತು, ದೇವರ ಮುಂದ ನಾ ಒಬ್ಬಾಕೀನ ಕೂಡತೀನಿ. ಬಾಜೂಕಿನ ಮಣೆ ಖಾಲಿ. ಸುಮತಿಗೂ ಅದ ಗತಿ ಆಗಬೇಕೇನ್ರಿ?"

ಈ ಬಾಣವು ತಾಗಿತು. ಮಹಾರಥನು ಬಲಸಂಗ್ರಹಕ್ಕಾಗಿ ಉಗ್ರಾಣವನ್ನು ಹೊಕ್ಕು, ಏಕಾದಶಿಯೆಂಬುದನ್ನೂ ಲೆಕ್ಕಿಸದೆ, ಒಂದು ಹಿಡಿ ಒಣ ಅವಲಕ್ಕಿಯನ್ನು ಬಾಯಿಗೆಸೆದುಕೊಂಡನು. ಅಷ್ಟರಲ್ಲಿ ಬಾಗಿಲಲ್ಲಿ ಬಳೆಯ ಸದ್ದಾಯಿತು. ಅವಲಕ್ಕಿಯು ಗಂಟಲಲ್ಲೇ ನಿಂತಿತು.

ಕಣ್ಣು ಮೇಲಾದ ಗಂಡನನ್ನು ಕಂಡು ವೇಣುಬಾಯಿಗೆ ಕಾದಂಬರಿ ಮರೆತುಹೋಯಿತು, ವ್ರತವೂ ಮರೆತುಹೋಯಿತು. ಉಪವಾಸದ ದಿನ ಅಡಿಗೆಮನೆಯ ತಂಬಿಗೆಗಳೆಲ್ಲ ಬೋರಲು. ನೀರಿದ್ದದ್ದು ಪಕ್ಕದ ದೇವರ ಕೋಣೆಯ ಪಂಚಪಾತ್ರೆಯಲ್ಲಿ ಮಾತ್ರ. ಅವನನ್ನು ಅಲ್ಲಿಗೆಳೆದು, "ಕೂಡ್ರಿ ಮೊದಲ!" ಎಂದು ತನ್ನ ಮಣೆಯ ಪಕ್ಕದ ಆ ಖಾಲಿ ಮಣೆಯ ಮೇಲೆ ಕುಳ್ಳಿರಿಸಿ, ಬೆನ್ನು ತಟ್ಟುತ್ತ, ಉದ್ಧರಣೆಯಿಂದ ಅಂಗೈಗೆ ನೀರು ಹಾಕಿದಳು.

"ಕೇಶವಾ... ನಾರಾಯಣಾ... ಮಾಧವಾ..." ಭಯದಲ್ಲಿ ಅವಳ ಬಾಯಿಗೆ ಬಂದದ್ದು ಆಚಮನದ ಆ ಮೂರು ಹೆಸರುಗಳಷ್ಟೇ. ಮೂರನೆಯ ಗುಟುಕಿಗೆ ಅವಲಕ್ಕಿ ಇಳಿಯಿತು.

ವೇಣುಬಾಯಿಯು ಹೋಗಿ ಹಾಳೆ, ಲೇಖಣಿಗಳನ್ನು ತಂದಳು. ಪಕ್ಕದ ತನ್ನ ಮಣೆಯಲ್ಲಿ ಕುಳಿತು, ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆದಳು: "ಮನೋಹರನು ಮೂರು ಸಲ ನೀರು ಕುಡಿದನು. ಲಗ್ನವಾಯಿತು."

ಏಕೆ ಕುಡಿದನೆಂದು ಅವಳು ಬರೆಯಲಿಲ್ಲ, ಅವನೂ ಕೇಳಲಿಲ್ಲ. ಕೆಮ್ಮು ಮರಳಿ ಬಂದೀತೆಂದು ಮಾಸ್ತರನು ಆ ಮಣೆಯಿಂದ ಏಳದೆ, ಅಲ್ಲಿಯೇ ಕುಳಿತು, ಅದನ್ನು ದುಂಡಗೆ ನಕಲು ಮಾಡಿದನು.